ಟ್ಯಾಂಕಿನಿಂದ ಪ್ಲಗ್ಗಿನವರೆಗೆ

ಭತ್ತದ ಪೈರು ತೆಂಡೆ ಒಡೆದು ಮೊಣಕಾಲೆತ್ತರಕ್ಕೆ ಬರುವ ಹೊತ್ತಿಗೆ ಸಿರುಗುಪ್ಪದ ಬಯಲಿನಲ್ಲಿ ಬೆಳಗಿನಿಂದಲೇ ಸಣ್ಣ ಇಂಜಿನ್ನುಗಳ ಸದ್ದು ಶುರುವಾಗುತ್ತದೆ. ತುಂಗಭದ್ರಾ ಕಾಲುವೆಯ ನೀರುಂಡ ಗದ್ದೆಗಳಲ್ಲಿ ಕಂದು ಜಿಗಿಹುಳುವೋ ಬೆಂಕಿ ರೋಗವೋ ಕಾಣಿಸಿಕೊಂಡಿತೆಂದರೆ ರೈತರ ಕೈ ಮೊದಲು ಹೋಗುವುದು ಬೆನ್ನಿಗೆ ಕಟ್ಟಿಕೊಂಡು ಔಷಧ ಸಿಂಪಡಿಸುವ ಪೆಟ್ರೋಲ್ ಪಂಪಿನತ್ತ. ಕುರುಗೋಡಿನ ಮೆಣಸಿನಕಾಯಿ ಹೊಲಗಳಲ್ಲಂತೂ ಈ ಸದ್ದು ತಿಂಗಳುಗಟ್ಟಲೆ ನಿಲ್ಲುವುದಿಲ್ಲ. 2021–22ರಲ್ಲಿ ಕಪ್ಪು ಥ್ರಿಪ್ಸ್ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನ ಬೆಳೆಯ ಮೇಲೆ ಎರಗಿದಾಗ ‘ಎಣ್ಣೆ ಹೊಡೆಯುವ’ ಸುತ್ತುಗಳ ಲೆಕ್ಕವೇ ತಪ್ಪಿಹೋಗಿತ್ತು. ಹುಳು ದಿನಗಳ ಲೆಕ್ಕದಲ್ಲಿ ಸಂತತಿ ಬೆಳೆಸುತ್ತದೆ. ಅಂಥ ಹೊತ್ತಿನಲ್ಲಿ ಹಗ್ಗ ಎಳೆದೆಳೆದು ತೋಳು ಸೋತರೂ ಇಂಜಿನ್ ಉಸಿರೆತ್ತದಿದ್ದರೆ ಆ ದಿನದ ಕೂಲಿ ಹೋಯಿತು, ಕಲಸಿಟ್ಟ ಔಷಧ ಹಾಳಾಯಿತು, ಹುಳುವಿಗೆ ಇನ್ನೊಂದು ದಿನ ಸಿಕ್ಕಿತು.

‘ಇಂಜಿನ್ ಹೋತು’ ಎಂಬ ಮಾತು ಆಗ ಸಲೀಸಾಗಿ ಬರುತ್ತದೆ. ಆದರೆ ಇಂಜಿನ್ ನಿಜವಾಗಿ ಹೋಗಿರುವುದು ಅಪರೂಪ. ತೊಂದರೆ ಸಾಮಾನ್ಯವಾಗಿ ಇರುವುದು ಅದಕ್ಕೆ ಕುಡಿಸಿದ ಪೆಟ್ರೋಲಿನಲ್ಲಿ, ಇಲ್ಲವೇ ಆ ಪೆಟ್ರೋಲ್ ಟ್ಯಾಂಕಿನಿಂದ ಪ್ಲಗ್ಗಿನವರೆಗೆ ಸಾಗುವ ಗೇಣುದ್ದದ ದಾರಿಯಲ್ಲಿ.

ಈ ದಾರಿಯನ್ನು ಜಗತ್ತಿನಲ್ಲಿ ಅತ್ಯಂತ ಆಸ್ಥೆಯಿಂದ ಅಭ್ಯಾಸ ಮಾಡಿದವರು ರೈತರಲ್ಲ, ಮೆಕ್ಯಾನಿಕ್ಕುಗಳೂ ಅಲ್ಲ. ಮಾದರಿ ವಿಮಾನ ಹಾರಿಸುವ ಹವ್ಯಾಸಿಗಳು. ಅವರ ಪೆಟ್ರೋಲ್ ಇಂಜಿನ್‌ಗೂ ಸಿರುಗುಪ್ಪದ ರೈತನ ಬೆನ್ನ ಮೇಲಿನ ಇಂಜಿನ್‌ಗೂ ಹತ್ತಿರದ ರಕ್ತಸಂಬಂಧವಿದೆ. ಮರ ಕೊಯ್ಯುವ ಚೈನ್‌ಸಾ, ಹುಲ್ಲು ಕತ್ತರಿಸುವ ಬ್ರಶ್ ಕಟರ್‌ಗಳ ಟು-ಸ್ಟ್ರೋಕ್ ಇಂಜಿನ್ನನ್ನೇ ಬಿಚ್ಚಿ, ಹಗುರ ಮಾಡಿ, ಮುಂದೆ ಪ್ರೊಪೆಲ್ಲರ್ ಕೂರಿಸಿ ಹಾರಿಸಲು ಆರಂಭಿಸಿದವರು ಅವರು. ಜಪಾನಿನ ಜೆನೋವಾ ಕಂಪನಿ ಹೊಲ-ಕಾಡಿನ ಯಂತ್ರಗಳ ಜೊತೆಗೇ 23 ಸಿಸಿ, 62 ಸಿಸಿಯಂಥ ಮಾದರಿ ವಿಮಾನದ ಇಂಜಿನ್‌ಗಳನ್ನೂ ಮಾಡಿತು. ನಮ್ಮ ಪವರ್ ಸ್ಪ್ರೇಯರ್‌ಗಳಲ್ಲಿ ಹೆಚ್ಚಾಗಿ ಇರುವುದು 25–26 ಸಿಸಿ ಟು-ಸ್ಟ್ರೋಕ್ ಇಂಜಿನ್. ಎರಡಕ್ಕೂ ಗೇರಿಲ್ಲ, ಆಯಿಲ್ ಪಂಪಿಲ್ಲ, ವಾಲ್ವ್ ಇಲ್ಲ. ಎರಡೂ ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯಿಂದಲೇ ಬದುಕುತ್ತವೆ.

ವ್ಯತ್ಯಾಸ ಒಂದೇ. ಹೊಲದಲ್ಲಿ ಇಂಜಿನ್ ನಿಂತರೆ ರೈತ ಬದುವಿನ ಮೇಲೆ ಕೂರುತ್ತಾನೆ. ಆಕಾಶದಲ್ಲಿ ನಿಂತರೆ ತಿಂಗಳುಗಟ್ಟಲೆ ಕೂತು ಕಟ್ಟಿದ ವಿಮಾನ ನೆಲಕ್ಕೆ ಬೀಳುತ್ತದೆ. ಹಾಗಾಗಿಯೇ ಅವರು ಪ್ರತಿ ಲಕ್ಷಣಕ್ಕೂ ಕಾರಣ ಹುಡುಕಿ ಇಟ್ಟುಕೊಂಡಿದ್ದಾರೆ. ಆ ತಿಳಿವಳಿಕೆಯನ್ನು ಬಳ್ಳಾರಿ ಸೀಮೆಯ ಹೊಲಕ್ಕೆ ಇಳಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ.

ಇಂಜಿನ್ ಹತ್ತಿಕೊಳ್ಳಲು ಬೇಕಾದದ್ದು ಮೂರು: ಕಿಡಿ, ಒತ್ತಡ, ಗಾಳಿಯೊಂದಿಗೆ ಹದವಾಗಿ ಬೆರೆತ ಪೆಟ್ರೋಲ್. ಕಿಡಿ ಬರುತ್ತದೋ ಇಲ್ಲವೋ ಎಂಬುದನ್ನು ಪ್ಲಗ್ ಬಿಚ್ಚಿ, ಅದರ ತಂತಿಯ ಟೋಪಿಗೆ ಸಿಕ್ಕಿಸಿ, ಪ್ಲಗ್ಗಿನ ತೂತು ಹಾಗೂ ಪೆಟ್ರೋಲ್ ಟ್ಯಾಂಕಿನಿಂದ ದೂರದಲ್ಲಿ ಇಂಜಿನ್ನಿನ ಲೋಹಕ್ಕೆ ತಾಗಿಸಿ ಹಗ್ಗ ಎಳೆದರೆ ತಿಳಿಯುತ್ತದೆ. ಒತ್ತಡ ಇದೆಯೆಂದು ಹಗ್ಗ ಎಳೆಯುವ ಕೈಗೇ ಗೊತ್ತಾಗುತ್ತದೆ. ಸಿಕ್ಕು ಇರುವುದು ಮೂರನೆಯದರಲ್ಲಿ. ನಿಮಿಷಕ್ಕೆ 6,600 ಸುತ್ತು ತಿರುಗುವ ಟು-ಸ್ಟ್ರೋಕ್ ಇಂಜಿನ್ ಒಂದು ಸೆಕೆಂಡಿನಲ್ಲಿ 110 ಸಲ ಪೆಟ್ರೋಲ್ ಸುಡುತ್ತದೆ. ಪ್ರತಿ ಸಲಕ್ಕೂ ಅದು ಕೇಳುವುದು ಒಂದು ಹನಿಗಿಂತ ಎಷ್ಟೋ ಕಡಿಮೆ ಇಂಧನ. ಅಷ್ಟು ಸಣ್ಣ ಅಳತೆಯಲ್ಲಿ ಒಂದು ಕಣ ಕಸ, ಕೂದಲೆಳೆಯಷ್ಟು ಬಿರುಕು ಸಾಕು, ಹದ ಕೆಡಲು.

ಈ ಅಳತೆಯ ಕೆಲಸ ಮಾಡುವ ಕಾರ್ಬೋರೇಟರ್ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಹಳೆಯ ಸ್ಕೂಟರಿನದರಲ್ಲಿ ಪೆಟ್ರೋಲ್ ತುಂಬಿದ ಬಟ್ಟಲು, ಅದರಲ್ಲಿ ತೇಲುವ ಫ್ಲೋಟ್ ಇರುತ್ತಿತ್ತು. ವಾಲಿಸಿದರೆ ಅದರ ಲೆಕ್ಕ ತಪ್ಪುತ್ತದೆ. ಚೈನ್‌ಸಾವನ್ನು ಎಲ್ಲ ದಿಕ್ಕಿಗೂ ತಿರುಗಿಸಿ ಹಿಡಿಯಬೇಕಾದ್ದರಿಂದ ಫ್ಲೋಟ್ ಬದಲು ತೆಳುವಾದ ರಬ್ಬರ್ ಪರದೆಯ ಕಾರ್ಬೋರೇಟರ್ ಬಳಕೆಗೆ ಬಂತು. ತಲೆಕೆಳಗಾಗಿ ಹಾರುವ ಮಾದರಿ ವಿಮಾನಕ್ಕೂ ಅದೇ ಬೇಕಾಯಿತು. ಅಮೆರಿಕದ ವಾಲ್ಬ್ರೊ ಕಂಪನಿಯ ಕಾರ್ಬೋರೇಟರ್‌ಗಳು ಚೈನ್‌ಸಾ, ಬ್ರಶ್ ಕಟರ್, ಮಾದರಿ ವಿಮಾನ ಎಲ್ಲದರಲ್ಲೂ ಇವೆ. ಅದರ ನಕಲುಗಳೂ ಪೇಟೆಯ ತುಂಬ ಇವೆ. ಇಂದಿಗೂ ಕೆಲವು ಸ್ಪ್ರೇಯರ್‌ಗಳಲ್ಲಿ ಫ್ಲೋಟ್ ಇದೆ. ಒತ್ತುವ ರಬ್ಬರ್ ಬಲ್ಬ್ ಇರುವಂಥವು ಸಾಮಾನ್ಯವಾಗಿ ಪರದೆಯವು.

ಒಳಗಿರುವುದು ಎರಡು ಪರದೆ. ಪಿಸ್ಟನ್ ಮೇಲೆ ಕೆಳಗೆ ಹೋದಾಗ ಕ್ರ್ಯಾಂಕ್ ಕೋಣೆಯಲ್ಲಿ ಏರಿಳಿಯುವ ಒತ್ತಡ ಒಂದು ಸಣ್ಣ ತೂತಿನ ಮೂಲಕ ಮೊದಲ ಪರದೆಯನ್ನು ಬಡಿಯುತ್ತದೆ. ಆ ಬಡಿತವೇ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪು. ಎರಡನೆಯ ಪರದೆ ಇಂಜಿನ್ನಿನ ಹೀರುವಿಕೆಗೆ ಒಳಕ್ಕೆ ಬಾಗಿ, ಪುಟ್ಟ ಸನ್ನೆಯೊಂದನ್ನು ಒತ್ತಿ, ಸೂಜಿಯನ್ನು ಎತ್ತುತ್ತದೆ. ಹೊಲ ಕೇಳಿದಷ್ಟು ನೀರು ಬಿಟ್ಟು ಮತ್ತೆ ಮುಚ್ಚಿಕೊಳ್ಳುವ ಕಾಲುವೆಯ ತೂಬಿನಂತೆ ಈ ಸೂಜಿ ಕೆಲಸ ಮಾಡುತ್ತದೆ. ಎಲ್ಲವೂ ನಿಂತಿರುವುದು ಆ ರಬ್ಬರ್ ಪರದೆ ಮೆತ್ತಗಿರುವುದರ ಮೇಲೆ. ಅದು ಬಿರುಸಾಯಿತೆಂದರೆ ಸೂಜಿ ಪೂರ್ತಿ ಏಳುವುದಿಲ್ಲ. ಚೋಕ್ ಎಳೆದಾಗ ಮಾತ್ರ ಓಡಿ, ಚೋಕ್ ತೆಗೆದೊಡನೆ ಸಾಯುವ ಇಂಜಿನ್ನಿನ ಹಿಂದೆ ಇರುವುದು ಹೆಚ್ಚಾಗಿ ಇದೇ ಕತೆ.

ಈ ಪರದೆಯ ಹೊರಮೈಗೆ ಗಾಳಿ ತಾಗಲು ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತಿರುತ್ತದೆ. ಮಾದರಿ ವಿಮಾನದವರು ಒಂದು ವಿಚಿತ್ರ ಗಮನಿಸಿದ್ದರು: ನೆಲದ ಮೇಲೆ ಚೆಂದವಾಗಿ ಓಡಿದ ಇಂಜಿನ್ ಹಾರಿದ ಮೇಲೆ ಹದ ತಪ್ಪುತ್ತಿತ್ತು. ಮುನ್ನುಗ್ಗುವ ಗಾಳಿ ಆ ತೂತಿಗೆ ಬಡಿದು ಪರದೆಯನ್ನು ಒತ್ತುತ್ತಿತ್ತು. ತೂತಿಗೆ ಸಣ್ಣ ಹಿತ್ತಾಳೆ ಕೊಳವೆ ಬೆಸೆದು, ಅದನ್ನು ವಿಮಾನದ ಒಡಲೊಳಗೆ ಗಾಳಿ ಬಡಿಯದ ಕಡೆ ಬಿಟ್ಟರು, ತೊಂದರೆ ತೀರಿತು. ಬಳ್ಳಾರಿಯ ಹೊಲದಲ್ಲಿ ಅದೇ ತೂತಿಗೆ ಗಾಳಿಗಿಂತ ಧೂಳಿನ ಕಾಟ. ಎಣ್ಣೆಯ ಜಿಡ್ಡಿಗೆ ಕೆಂಪು ಮಣ್ಣು ಮೆತ್ತಿ ತೂತು ಮುಚ್ಚಿದರೆ ಪರದೆಗೆ ಅಲುಗಾಡಲು ಆಗುವುದಿಲ್ಲ. ಒಂದು ಸಲ ಒರೆಸಿದರೆ ಮುಗಿಯುವ ಕೆಲಸಕ್ಕೆ ಹೊಸ ಕಾರ್ಬೋರೇಟರ್ ಕೊಳ್ಳುವುದು ವ್ಯರ್ಥ.

ಪೆಟ್ರೋಲೇ ಬದಲಾಗಿದೆ ಎಂಬುದು ಈ ಕತೆಯ ಇನ್ನೊಂದು ಮುಖ್ಯ ತಿರುವು. 2023ರ ಫೆಬ್ರುವರಿ 6ರಂದು ಪ್ರಧಾನಿ ನರೇಂದ್ರ ಮೋದಿ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಮಾರಾಟಕ್ಕೆ ಚಾಲನೆ ಕೊಟ್ಟದ್ದು ಬೆಂಗಳೂರಿನಲ್ಲೇ. 2022ರಲ್ಲಿ ಶೇ 10 ಮುಟ್ಟಿದ್ದ ಬೆರಕೆ 2025ರ ಹೊತ್ತಿಗೆ ದೇಶದಾದ್ಯಂತ ಶೇ 20ಕ್ಕೆ ಏರಿತು. ಕಬ್ಬು, ಮೆಕ್ಕೆಜೋಳದ ಬೆಳೆಗಾರರಿಗೆ ಇದರಿಂದ ಲಾಭವಿದೆ, ಕಚ್ಚಾ ತೈಲದ ಆಮದು ತಗ್ಗುತ್ತದೆ; ಅದರಲ್ಲಿ ತಕರಾರಿಲ್ಲ. ಚರ್ಚೆಯೆಲ್ಲ ನಡೆದದ್ದು ಕಾರು, ಬೈಕುಗಳ ಮೈಲೇಜ್ ಸುತ್ತ. ರೈತ, ಕೂಲಿಯವರ ಬೆನ್ನ ಮೇಲಿನ ಇಂಜಿನ್ ಆ ಚರ್ಚೆಯಲ್ಲಿ ಬರಲೇ ಇಲ್ಲ. ಇದು ಸರಿಯಲ್ಲ. ಹೊಸ ಕಾರಿನಲ್ಲಿ ಕಂಪ್ಯೂಟರ್ ಇದೆ, ಪೆಟ್ರೋಲ್ ಬದಲಾದರೆ ಅದು ತಾನೇ ಹದ ಸರಿಮಾಡಿಕೊಳ್ಳುತ್ತದೆ. ಸ್ಪ್ರೇಯರಿನಲ್ಲಿ ಇರುವುದು ಒಂದೆರಡು ಸ್ಕ್ರೂ.

ಲೆಕ್ಕ ಹೀಗಿದೆ. ಒಂದು ಕಿಲೊ ಶುದ್ಧ ಪೆಟ್ರೋಲ್ ಪೂರ್ತಿ ಸುಡಲು ಸುಮಾರು 14.7 ಕಿಲೊ ಗಾಳಿ ಬೇಕು. ಎಥನಾಲ್‌ಗೆ ಸುಮಾರು 9 ಕಿಲೊ ಸಾಕು. ಶೇ 20ರ ಬೆರಕೆಯಲ್ಲಿ ಇದು ಹದಿಮೂರೂವರೆಯ ಹತ್ತಿರ ಬಂದು ನಿಲ್ಲುತ್ತದೆ. ಅಂದರೆ ಅಷ್ಟೇ ಗಾಳಿಗೆ ಶುದ್ಧ ಪೆಟ್ರೋಲಿಗಿಂತ ಸುಮಾರು ಶೇ 9ರಷ್ಟು ಹೆಚ್ಚು ಇಂಧನ ಹರಿಯಬೇಕು. ಹಳೆಯ ಪೆಟ್ರೋಲಿಗೆ ತಿರುಗಿಸಿಟ್ಟ ಸ್ಕ್ರೂ ಅಷ್ಟು ಬಿಡುವುದಿಲ್ಲ. ಇಂಜಿನ್ನಿಗೆ ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ ಆಗುತ್ತದೆ. ಅದು ಕಿರುಚಿದಂತೆ ಏರಿ ಓಡುತ್ತದೆ, ಬಿಸಿಯಾಗುತ್ತದೆ. ‘ಭರ್ಜರಿ ಓಡ್ತದ’ ಅನ್ನಿಸುವ ಆ ಸದ್ದೇ ಅಪಾಯದ ಸದ್ದು. ಟು-ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಕಮ್ಮಿಯಾದರೆ ಅದರ ಜೊತೆ ಬರುವ ಎಣ್ಣೆಯೂ ಕಮ್ಮಿ. ಪಿಸ್ಟನ್ ಗೀರು ಬಿದ್ದು ಸೀಜ್ ಆಗುವುದು ಹೀಗೆ.

ಎಥನಾಲ್‌ನ ಇನ್ನೊಂದು ಗುಣ ನೀರಿನ ಮೇಲಿನ ಪ್ರೀತಿ. ಅದು ಗಾಳಿಯ ತೇವವನ್ನೂ ಹೀರುತ್ತದೆ, ಟ್ಯಾಂಕಿಗೆ ಬಿದ್ದ ನೀರನ್ನೂ ಒಳಗೆಳೆದುಕೊಳ್ಳುತ್ತದೆ. ಶೇ 10ರ ಬೆರಕೆ ತಂಪು ವಾತಾವರಣದಲ್ಲಿ ಲೀಟರಿಗೆ ಸುಮಾರು 5 ಮಿಲಿ, ಅಂದರೆ ಒಂದು ಟೀ ಚಮಚದಷ್ಟು ನೀರನ್ನು ತಡೆದುಕೊಳ್ಳುತ್ತದೆ. ಶೇ 20ರದು ಇನ್ನೂ ಹೆಚ್ಚು ತಾಳುತ್ತದೆ. ಮಿತಿ ಮೀರಿದೊಡನೆ ಎಥನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲನ್ನು ಬಿಟ್ಟು ತಳಕ್ಕೆ ಇಳಿಯುತ್ತವೆ. ಬೆರೆಸಿದ ಟು-ಟಿ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನೊಳಗಿನ ತೂಕದ ಫಿಲ್ಟರ್ ಇರುವುದು ತಳದಲ್ಲಿ! ಅದು ಹೀರಿ ಕೊಡುವುದು ಎಣ್ಣೆಯಿಲ್ಲದ ಎಥನಾಲ್-ನೀರು. ಬಳ್ಳಾರಿಯ ಒಣ ಗಾಳಿಯಿಂದ ಇಷ್ಟು ತೇವ ಸೇರುವುದು ಕಷ್ಟ. ಆದರೆ ಗದ್ದೆಯ ನೀರು ಮೆತ್ತಿದ ಕೈ, ಔಷಧ ಕಲಸಿದ ಬಕೆಟ್, ಸೋನೆ ಮಳೆಯಲ್ಲಿ ತೆರೆದಿಟ್ಟ ಮುಚ್ಚಳ ಇವುಗಳಿಂದ ಚಮಚ ನೀರು ಸೇರಲು ಹೊತ್ತು ಬೇಕಿಲ್ಲ.

ಪರೀಕ್ಷೆ ಸುಲಭ. ಟ್ಯಾಂಕಿನ ತಳದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಸುರಿದು ಅಲುಗಾಡಿಸದೆ ಇಟ್ಟು ನೋಡಬೇಕು. ಎರಡು ಪದರ ಕಂಡರೆ, ಇಲ್ಲವೇ ಮಬ್ಬಾಗಿದ್ದರೆ ಆ ಪೆಟ್ರೋಲ್ ಇಂಜಿನ್ನಿಗೆ ತಕ್ಕದ್ದಲ್ಲ. ಪೆಟ್ರೋಲಿನಲ್ಲಿ ಎಥನಾಲ್ ಎಷ್ಟಿದೆ ಎಂದೂ ನೋಡಬಹುದು. ಗೆರೆ ಇರುವ ಗಾಜಿನ ಅಳತೆ ಪಾತ್ರೆಯಲ್ಲಿ ಎಣ್ಣೆ ಬೆರೆಸದ 100 ಮಿಲಿ ಪೆಟ್ರೋಲ್, 10 ಮಿಲಿ ನೀರು ಹಾಕಿ ಕುಲುಕಿ ಬಿಟ್ಟರೆ ಎಥನಾಲ್ ನೀರಿಗೆ ಇಳಿದು ಕೆಳಗಿನ ಪದರ 10ರ ಗೆರೆ ದಾಟಿ ಏರುತ್ತದೆ. ಎಷ್ಟು ಏರಿತೋ ಹೆಚ್ಚೂಕಡಿಮೆ ಅಷ್ಟು ಎಥನಾಲ್. ಇದನ್ನೆಲ್ಲ ಒಲೆ, ಬೀಡಿಯಿಂದ ದೂರ, ಬಯಲಿನಲ್ಲಿ ಮಾಡಬೇಕು. ಆ ಮಿಶ್ರಣವನ್ನು ಮತ್ತೆ ಇಂಜಿನ್ನಿಗೆ ಹಾಕಬಾರದು.

ಮಾದರಿ ವಿಮಾನದ ಹವ್ಯಾಸಿಗಳಿಗೆ ಆಲ್ಕೊಹಾಲ್ ಇಂಧನ ಹೊಸದಲ್ಲ. ಅವರ ಚಿಕ್ಕ ‘ಗ್ಲೋ’ ಇಂಜಿನ್ನುಗಳು ಮೊದಲಿನಿಂದಲೂ ಓಡಿದ್ದು ಮೆಥನಾಲ್ ಮತ್ತು ಹರಳೆಣ್ಣೆಯ ಮೇಲೆ. ಆ ಇಂಜಿನ್ನಿಗೆ ಸಿಲಿಕೋನ್ ಪೈಪು ಒಗ್ಗುತ್ತದೆ. ಪೆಟ್ರೋಲ್ ಇಂಜಿನ್ನಿಗೆ ಅದೇ ಪೈಪು ಹಾಕಿದವರು ಅದು ಉಬ್ಬಿ, ಮೆತ್ತಗಾಗಿ ಕಳಚಿ ಬಿದ್ದದ್ದನ್ನು ಕಂಡು ಪಾಠ ಕಲಿತರು. ರಬ್ಬರು, ಪ್ಲಾಸ್ಟಿಕ್ಕುಗಳಲ್ಲಿ ಪೆಟ್ರೋಲಿಗೆ ಒಗ್ಗುವುದು ಬೇರೆ, ಆಲ್ಕೊಹಾಲಿಗೆ ಒಗ್ಗುವುದು ಬೇರೆ. ಎರಡೂ ಬೆರೆತ ಇಂದಿನ ಪೆಟ್ರೋಲಿಗೆ ಹಳೆಯ ಪಂಪಿನ ಪೈಪು, ಬಲ್ಬು, ಪರದೆ ಒದ್ದೆಯಾದಾಗ ಉಬ್ಬುತ್ತವೆ, ಒಣಗಿದಾಗ ಬಿರುಸಾಗಿ ಬಿರುಕು ಬಿಡುತ್ತವೆ. ಹಂಗಾಮು ಮುಗಿದು ತಿಂಗಳುಗಟ್ಟಲೆ ಮೂಲೆ ಸೇರುವ ಸ್ಪ್ರೇಯರಿಗೆ ಈ ಒದ್ದೆ-ಒಣಗು ಆಟ ವರ್ಷಕ್ಕೆ ಎರಡು ಸಲ. ಸ್ವೀಡನ್ನಿನ ಕಾಡುಗಳಲ್ಲಿ ಚೈನ್‌ಸಾ ಹಿಡಿಯುವವರು ಎಥನಾಲ್ ಇಲ್ಲದ, ಶುದ್ಧಗೊಳಿಸಿದ ಆಲ್ಕಿಲೇಟ್ ಪೆಟ್ರೋಲ್ ಬಳಸುತ್ತಾರೆ. ನಮ್ಮ ರೈತನಿಗೆ ಸಿಗುವುದು ಬಂಕಿನ ಪೆಟ್ರೋಲ್ ಮಾತ್ರ. ಅದರೊಂದಿಗೇ ಬಾಳುವ ದಾರಿ ಕಂಡುಕೊಳ್ಳಬೇಕು.

ಆ ದಾರಿಯ ಮೊದಲ ಸೂತ್ರ: ಸ್ಕ್ರೂ ಮುಟ್ಟುವುದು ಕೊನೆಗೆ.

ಇಂಜಿನ್ ಹತ್ತದಿದ್ದರೆ ಪ್ಲಗ್ ಬಿಚ್ಚಿ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಹಲವು ಸಲ ಹಗ್ಗ ಎಳೆದ ಮೇಲೂ ಪ್ಲಗ್ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ತೊಯ್ದು ತೊಪ್ಪೆಯಾಗಿದ್ದರೆ ಬಂದದ್ದು ಹೆಚ್ಚಾಗಿದೆ, ಇಲ್ಲವೇ ಕಿಡಿ ಇಲ್ಲ. ತೊಯ್ದ ಪ್ಲಗ್ ಒರೆಸಿ, ಚೋಕ್ ತೆಗೆದು, ಪ್ಲಗ್ ಇಲ್ಲದೆಯೇ ಕೆಲವು ಸಲ ಹಗ್ಗ ಎಳೆದು ಒಳಗಿನ ಪೆಟ್ರೋಲ್ ಹೊರಹಾಕಿ, ಅದು ಆರಿದ ಮೇಲೆ ಮತ್ತೆ ಪ್ರಯತ್ನಿಸಬೇಕು. ಚೆನ್ನಾಗಿ ಓಡುವ ಇಂಜಿನ್ನಿನ ಪ್ಲಗ್ ಕಾಫಿ ಪುಡಿಯ ಬಣ್ಣಕ್ಕಿರುತ್ತದೆ. ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲ್ ಕಮ್ಮಿ. ಕಪ್ಪು ಜಿಡ್ಡು ಹಿಡಿದಿದ್ದರೆ ಪೆಟ್ರೋಲೋ ಎಣ್ಣೆಯೋ ಜಾಸ್ತಿ, ಅಥವಾ ಏರ್ ಫಿಲ್ಟರ್ ಕಟ್ಟಿದೆ.

ಒಣ ಪ್ಲಗ್ ಸಿಕ್ಕಾಗ ಪೆಟ್ರೋಲ್ ಬರುವ ದಾರಿಯಲ್ಲೇ ಹುಡುಕುತ್ತ ಹೋಗಬೇಕು. ಟ್ಯಾಂಕಿನೊಳಗಿನ ಫಿಲ್ಟರನ್ನು ತಂತಿಕೊಕ್ಕೆಯಿಂದ ಎಳೆದು ನೋಡಿದರೆ ಕಸ, ಪೀಪಾಯಿಯ ತುಕ್ಕು, ಬಟ್ಟೆಯ ನಾರು ಮೆತ್ತಿರುವುದು ಕಾಣುತ್ತದೆ. ಪೈಪನ್ನು ಬಾಗಿಸಿದರೆ ಬಿರುಕು ತೋರುತ್ತದೆ. ಬಿರುಕಿನಿಂದ ಪೆಟ್ರೋಲ್ ಸೋರದಿದ್ದರೂ ಗಾಳಿ ಒಳನುಗ್ಗುತ್ತದೆ, ಪಾರದರ್ಶಕ ಪೈಪಿನಲ್ಲಿ ಗುಳ್ಳೆಗಳು ಓಡುವುದು ಅದರ ಗುರುತು. ಕಾರ್ಬೋರೇಟರಿನ ಬಾಗಿಲಲ್ಲಿ ಒಂದು ಸಣ್ಣ ಜಾಲರಿ ಇರುತ್ತದೆ, ಅದನ್ನು ಮರೆಯುವವರೇ ಬಹಳ. ಇಷ್ಟನ್ನೂ ನೋಡಿ ಆದಮೇಲೆ ಪರದೆ. ಬೆರಳ ತುದಿಯಲ್ಲಿ ಒತ್ತಿದರೆ ಮೆತ್ತಗೆ ಬಾಗಬೇಕು. ಹಳೆಯ ಎಕ್ಸ್‌ರೇ ಹಾಳೆಯ ಹಾಗೆ ಚಟಚಟ ಎಂದರೆ ಬದಲಿಸಲೇಬೇಕು.

ಹತ್ತಿಕೊಂಡು ಕೆಲವು ನಿಮಿಷ ಓಡಿ ನಿಲ್ಲುವ ಇಂಜಿನ್ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಪೆಟ್ರೋಲ್ ಖಾಲಿಯಾದಷ್ಟೂ ಟ್ಯಾಂಕಿನೊಳಕ್ಕೆ ಗಾಳಿ ಬರಬೇಕು. ಮುಚ್ಚಳದ ಉಸಿರುತೂತು ಕಟ್ಟಿದರೆ ಒಳಗೆ ನಿರ್ವಾತ ಉಂಟಾಗಿ ಪೆಟ್ರೋಲ್ ಬರುವುದು ನಿಲ್ಲುತ್ತದೆ. ಪಂಪನ್ನು ಬೆನ್ನಿನಿಂದ ಇಳಿಸಿ ಮುಚ್ಚಳ ಸಡಿಲಿಸಿದೊಡನೆ ‘ಸುಂಯ್’ ಎಂದು ಗಾಳಿ ಎಳೆದುಕೊಂಡು, ಆಮೇಲೆ ಇಂಜಿನ್ ಸಲೀಸಾಗಿ ಓಡಿದರೆ ಕಾರಣ ಸಿಕ್ಕಿತು. ಖರ್ಚು ಒಂದು ಗುಂಡುಪಿನ್ನು.

ಬೇಸಿಗೆ ಬೆಳೆಯಲ್ಲಿ ಇನ್ನೊಂದು ಆಟ ಇದೆ. ಏಪ್ರಿಲ್-ಮೇ ತಿಂಗಳಲ್ಲಿ ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಪೆಟ್ರೋಲಿನ ಹಗುರ ಅಂಶಗಳು ಅದಕ್ಕಿಂತ ಕಡಿಮೆ ಬಿಸಿಗೇ ಕುದಿಯಲು ಶುರುವಾಗುತ್ತವೆ. ಓಡುತ್ತಿರುವಾಗ ಹರಿದು ಬರುವ ಪೆಟ್ರೋಲ್ ಕಾರ್ಬೋರೇಟರನ್ನು ತಂಪಾಗಿಡುತ್ತದೆ. ಔಷಧ ತುಂಬಲೆಂದು ನಿಲ್ಲಿಸಿದಾಗ ಸಿಲಿಂಡರಿನ ಬಿಸಿಯೆಲ್ಲ ಅದಕ್ಕೆ ಏರಿ ಪೈಪಿನಲ್ಲಿ ಆವಿ ತುಂಬುತ್ತದೆ, ಮತ್ತೆ ಹಗ್ಗ ಎಳೆದರೆ ಹತ್ತುವುದಿಲ್ಲ. ಇಲ್ಲಿ ಮಾಡಬೇಕಾದದ್ದು ನೆರಳಿಗೆ ಇಡುವುದು, ಬಲ್ಬ್ ಒತ್ತಿ ಹೊಸ ಪೆಟ್ರೋಲ್ ಎಳೆಯುವುದು, ಅಷ್ಟೆ. ಬಿಸಿ ಇಂಜಿನ್ನಿನ ಮೇಲೆ ಪೆಟ್ರೋಲ್ ಸುರಿಯುವುದು, ಬೆನ್ನ ಮೇಲಿರುವಾಗಲೇ ಟ್ಯಾಂಕ್ ತುಂಬಿಸುವುದು ಜೀವಕ್ಕೆ ಎರವಾಗುವ ಕೆಲಸ. ಬಿಸಿಲಲ್ಲಿ ಬದುವಿನ ಮೇಲಿಟ್ಟ ನೀರಿನ ಬಾಟಲಿಯ ಪೆಟ್ರೋಲ್ ಕೂಡ ಬೇಡ. ಇಂಜಿನ್ ಹತ್ತಿಸುವ ಹಗುರ ಅಂಶವೇ ಅದರಿಂದ ಹಾರಿಹೋಗುತ್ತದೆ, ಕುಡಿಯುವ ನೀರೆಂದು ಮಗುವಿನ ಕೈಗೆ ಸಿಗುವ ಅಪಾಯವೂ ಇದೆ.

ಎಣ್ಣೆಯ ವಿಷಯದಲ್ಲಿ ಒಂದು ತಪ್ಪು ನಂಬಿಕೆ ಬೇರೂರಿದೆ: ‘ಸ್ವಲ್ಪ ಜಾಸ್ತಿ ಹಾಕಿದ್ರೆ ಇಂಜಿನ್ನಿಗೆ ಒಳ್ಳೇದು’. ಕಂಪನಿ 25ಕ್ಕೆ 1 ಎಂದಿದ್ದರೆ ಲೀಟರಿಗೆ 40 ಮಿಲಿ, 50ಕ್ಕೆ 1 ಎಂದಿದ್ದರೆ 20 ಮಿಲಿ. ಕಾರ್ಬೋರೇಟರಿನಲ್ಲಿ ಇಂಧನ ಚಿಮ್ಮಿಸುವ ಜೆಟ್ಟಿನ ತೂತು ಬಿಡುವುದು ಒಂದೇ ಅಳತೆಯ ದ್ರವವನ್ನು. ಅದರಲ್ಲಿ ಎಣ್ಣೆಯ ಪಾಲು ಏರಿದರೆ ಪೆಟ್ರೋಲಿನ ಪಾಲು ಇಳಿಯುತ್ತದೆ, ಎಣ್ಣೆ ಹೆಚ್ಚಾದ ಇಂಜಿನ್ ಪೆಟ್ರೋಲಿಗೆ ಹಸಿಯುತ್ತದೆ. ಉಳಿದ ಎಣ್ಣೆ ಇಂಗಾಲವಾಗಿ ಸೈಲೆನ್ಸರಿನ ಬಾಯಿ ಕಟ್ಟುತ್ತದೆ. ಬೈಕಿನ ಇಂಜಿನ್ ಆಯಿಲ್ ಬೆರೆಸಿದರೆ ಇನ್ನೂ ಬೇಗ. ಸೈಲೆನ್ಸರ್ ಕಟ್ಟಿದ ಇಂಜಿನ್ ತೋರಿಸುವ ಲಕ್ಷಣಗಳೂ ಪೆಟ್ರೋಲ್ ತೊಂದರೆಯಂತೆಯೇ ಇರುವುದರಿಂದ ಮೆಕ್ಯಾನಿಕ್ಕುಗಳೂ ಮೋಸಹೋಗುತ್ತಾರೆ.

ಇಷ್ಟೆಲ್ಲ ಸರಿಯಿದ್ದೂ ಆಕ್ಸಿಲರೇಟರ್ ಕೊಟ್ಟಾಗ ಇಂಜಿನ್ ತಡವರಿಸಿದರೆ ಆಗ ಸ್ಕ್ರೂಡ್ರೈವರ್ ಹಿಡಿಯಬಹುದು. ಪರದೆಯ ಕಾರ್ಬೋರೇಟರಿನಲ್ಲಿ ನಿಧಾನದ ಓಟಕ್ಕೆ ‘ಎಲ್’, ಪೂರ್ತಿ ಓಟಕ್ಕೆ ‘ಎಚ್’ ಎಂಬ ಎರಡು ಸೂಜಿಗಳು ಸಾಮಾನ್ಯ. ಒತ್ತದೆ ಮೆಲ್ಲಗೆ ಮುಚ್ಚಿ, ಸುಮಾರು ಒಂದರಿಂದ ಒಂದೂವರೆ ಸುತ್ತು ತೆರೆದರೆ ಆರಂಭಕ್ಕೆ ಸಾಕು. ಮೊದಲಿನ ಸ್ಥಾನವನ್ನು ಬರೆದಿಟ್ಟುಕೊಂಡು, ಒಮ್ಮೆಗೆ ಎಂಟನೇ ಒಂದು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ಮಾದರಿ ವಿಮಾನದವರು ‘ಎಚ್’ ಸೂಜಿಯನ್ನು ಅತಿ ಹೆಚ್ಚು ವೇಗ ಸಿಗುವ ಜಾಗದಲ್ಲಿ ಬಿಡುವುದಿಲ್ಲ. ಅಲ್ಲಿಂದ ತುಸು ಹಿಂದಕ್ಕೆ, ಪೆಟ್ರೋಲ್ ಕೊಂಚ ಹೆಚ್ಚು ಬರುವ ಕಡೆ ನಿಲ್ಲಿಸುತ್ತಾರೆ. ಆಮೇಲೆ ವಿಮಾನದ ಮೂತಿಯನ್ನು ಆಕಾಶಕ್ಕೆ ಎತ್ತಿ ಹಿಡಿದು, ಇಂಜಿನ್ ಹಾಗೆಯೂ ಬಾಡದೆ ಓಡುತ್ತದೆಯೇ ಎಂದು ಕೇಳಿಸಿಕೊಳ್ಳುತ್ತಾರೆ. ಭತ್ತದ ಬುಡಕ್ಕೆ ಔಷಧ ತಾಗಿಸಲು ಬಗ್ಗಿ ಬಗ್ಗಿ ನಡೆಯುವವನ ಬೆನ್ನ ಮೇಲಿನ ಇಂಜಿನ್ನಿಗೂ ಅದೇ ಪರೀಕ್ಷೆ ಹೊಂದುತ್ತದೆ.

ಈಗ ಬ್ಯಾಟರಿ ಪಂಪುಗಳು ಬಂದಿವೆ. 2023ರಲ್ಲಿ ಘೋಷಣೆಯಾದ ‘ನಮೋ ಡ್ರೋನ್ ದೀದಿ’ ಯೋಜನೆಯಲ್ಲಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ಗುರಿ ಇಡಲಾಗಿತ್ತು. ಮಾದರಿ ವಿಮಾನದ ವಂಶದ ಯಂತ್ರವೇ ಭತ್ತದ ಗದ್ದೆಯ ಮೇಲೆ ಔಷಧ ಸಿಂಪಡಿಸುತ್ತಿದೆ. ಆದರೂ ಎಕರೆ, ಎರಡೆಕರೆಯ ರೈತನಿಗೆ ಕೈಗೆಟಕುವುದು, ಕರೆದ ಹೊತ್ತಿಗೆ ಸಿಗುವುದು ಇನ್ನೂ ಪೆಟ್ರೋಲ್ ಪಂಪೇ. ಸರ್ಕಾರ ರೈತ ಸಂಪರ್ಕ ಕೇಂದ್ರಗಳ ಮೂಲಕ ಸಹಾಯಧನ ಕೊಟ್ಟು ಇವನ್ನು ಹಂಚುತ್ತದೆ. ಹಂಚುವ ದಿನವೇ ಅರ್ಧ ಗಂಟೆ ಕೂರಿಸಿ ಪ್ಲಗ್ ಬಿಚ್ಚುವುದು, ಫಿಲ್ಟರ್ ತೆಗೆಯುವುದು, ಎಣ್ಣೆ ಅಳೆಯುವುದನ್ನು ತೋರಿಸಿಕೊಟ್ಟರೆ ಎಷ್ಟೋ ಇಂಜಿನ್ನುಗಳು ಉಳಿಯುತ್ತವೆ. ಹಗರಿಯ ಕೃಷಿ ವಿಜ್ಞಾನ ಕೇಂದ್ರ, ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರಗಳು ಬೆಳೆ, ಕೀಟದ ತರಬೇತಿಯ ಜೊತೆಗೆ ಇದಕ್ಕೂ ಒಂದು ಮಧ್ಯಾಹ್ನ ಎತ್ತಿಡಲಿ. ಕಂಪನಿಗಳು ಯಾವ ಯಂತ್ರದ ಪರದೆ, ಪೈಪು ಶೇ 20ರ ಎಥನಾಲ್ ತಾಳುತ್ತದೆ ಎಂಬುದನ್ನು ಟ್ಯಾಂಕಿನ ಮೇಲೆ ಕನ್ನಡದಲ್ಲಿ ಬರೆಯಲಿ. ಬಳ್ಳಾರಿಯ ಅಂಗಡಿಯವರು ಹೊಸ ಪಂಪಿನ ಜೊತೆ ಒಂದು ಜೊತೆ ಪರದೆ, ಒಂದು ಫಿಲ್ಟರ್, ಅಳತೆಯ ಲೋಟ ಸೇರಿಸಿ ಕೊಡಲಿ.

ಪಂಪು ಇರುವವರು ಅದಕ್ಕೆ ಕಾಯಬೇಕಿಲ್ಲ. ಒಂದು ತಿಂಗಳಿಗೆ ಬೇಕಾದಷ್ಟೇ ಪೆಟ್ರೋಲ್ ತನ್ನಿ, ಆಯಾ ದಿನಕ್ಕೆ ಬೇಕಾದಷ್ಟೇ ಎಣ್ಣೆ ಬೆರೆಸಿ. ಈ ಹಂಗಾಮಿನ ಕೊನೆಯ ಸಿಂಪಡಣೆ ಮುಗಿದ ದಿನ ಟ್ಯಾಂಕ್ ಬರಿದು ಮಾಡಿ, ಕಾರ್ಬೋರೇಟರಿನಲ್ಲಿ ಉಳಿದದ್ದೂ ಸುಟ್ಟು ತಾನಾಗಿ ನಿಲ್ಲುವವರೆಗೆ ಇಂಜಿನ್ ಓಡಿಸಿ, ಆಮೇಲೆ ಪಂಪನ್ನು ಒಳಗಿಡಿ.